ಪದಚರ್ಚೆ: ‘ಟ್ವಿಸ್ಟ್ ರೇಟ್’ಗೆ ಏನನ್ನೋಣ? ‘ಉದ್ದ’ ಅಂದರೆ ಯಾವುದರ ಉದ್ದ?

ಗೆಳೆಯರೇ,

ರೈಫಲ್ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ‘ಟ್ವಿಸ್ಟ್ ರೇಟ್’ ಹತ್ತಿರ ಗಾಡಿ ನಿಂತಿದೆ. ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವಲ್ಲ, ಅವು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತವೆ ಅನ್ನೋ ಲೆಕ್ಕ ಅದು. ಈ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ, ಹಾಗೆ ತಿರುಗಿದರೆ ಗುಂಡು ತೂರಾಡದೆ ಸ್ಥಿರವಾಗಿ ಹೋಗುತ್ತೆ. ಮಲೆನಾಡು, ಕೊಡಗಿನ ಕೋವಿ ಮಾತಿನಲ್ಲಿ ಹುಡುಕಿದೆ. ನಳಿಗೆ, ಕುದುರೆ, ಚರೆ, ಈಡು ಎಲ್ಲ ಇವೆ, ಇದು ಮಾತ್ರ ಸಿಗಲಿಲ್ಲ. ಚರೆ ಹಾರಿಸುವ ಕೋವಿಯ ನಳಿಗೆ ಒಳಗೆ ನುಣುಪು. ಗೀರೇ ಇಲ್ಲದ ಮೇಲೆ ಹೆಸರೆಲ್ಲಿಂದ ಬರಬೇಕು?

‘ತಿರುವಿನ ದರ’ ಅಂದರೆ ಸಂತೆಯಲ್ಲಿ ಬೆಲೆ ಕೇಳಿದ ಹಾಗಿದೆ. ‘ಜಾಸ್ತಿ ಟ್ವಿಸ್ಟ್’ ಅಂದರೂ ಗೊಂದಲ. 1:12ಕ್ಕಿಂತ (12 ಇಂಚಿಗೊಂದು ಸುತ್ತು) 1:7ರಲ್ಲಿ ತಿರುವು ಜಾಸ್ತಿ, ಅಂಕಿ ಮಾತ್ರ ಚಿಕ್ಕದು. ಹಾಗಾಗಿ ‘ಏಳಿಂಚಿಗೊಂದು ಸುತ್ತು’ ಅಂತಲೇ ಬರೆದಿದ್ದೇನೆ. ಹೋಲಿಸುವಾಗ ‘ಬಿಗಿ ಸುತ್ತು’, ‘ಸಡಿಲ ಸುತ್ತು’. ನಡೆಯುತ್ತಾ?

ಇನ್ನು ಉದ್ದದ ತಕರಾರು. ಕರಡು ನೋಡಿದವರೊಬ್ಬರು ‘ನಳಿಗೆ ಉದ್ದವಿದ್ದಷ್ಟೂ ಗುಂಡು ಸ್ಥಿರ’ ಅಂತ ತಿದ್ದಿದ್ದಾರೆ. ನಾನು ಒಪ್ಪಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗುಂಡಿನ ಉದ್ದ. ಬ್ರಿಟನ್ನಿನ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರದಲ್ಲಿ ನಳಿಗೆಯ ಉದ್ದದ ಮಾತೇ ಇಲ್ಲ. ಅಳತೆಗಳೆಲ್ಲ ಇಂಚಿನಲ್ಲಿರಲಿ, ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಷ್ಟು ಇಂಚಿಗೊಂದು ಸುತ್ತು ಬೇಕು ಅಂತ ಸಿಗುತ್ತೆ. ಗುಂಡು ಉದ್ದವಾದಷ್ಟೂ ಸುತ್ತು ಬಿಗಿಯಾಗಬೇಕು.

ಅಮೆರಿಕ ಸೈನ್ಯದ ಎಂ16 ರೈಫಲ್ ನೋಡಿ. ಮೊದಮೊದಲ ನಳಿಗೆಗಳಲ್ಲಿ 14 ಇಂಚಿಗೊಂದು ಸುತ್ತಿತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡು ತೂರಾಡಿತು, 12ಕ್ಕೆ ಇಳಿಸಿದರು. 1980ರ ದಶಕದಲ್ಲಿ 62 ಗ್ರೇನ್ (ಸುಮಾರು 4 ಗ್ರಾಂ) ತೂಕದ ಉದ್ದನೆಯ ಗುಂಡು, ಅದಕ್ಕಿಂತಲೂ ಉದ್ದದ ಟ್ರೇಸರ್ (ಹೋಗುವ ದಾರಿ ಕಾಣುವಂತೆ ಉರಿಯುತ್ತಾ ಹಾರುವ ಗುಂಡು) ಬಂದಾಗ 7ಕ್ಕೆ ಬಂತು. ಆಮೇಲೆ ಬಂದ ಅದರದ್ದೇ ಗಿಡ್ಡ ರೂಪ ಎಂ4ರಲ್ಲಿ ನಳಿಗೆ 20 ಇಂಚಿನಿಂದ 14.5ಕ್ಕೆ ಗಿಡ್ಡವಾಯ್ತು, ಸುತ್ತು ಅದೇ 7. ನಳಿಗೆ ಗಿಡ್ಡವಾದರೆ ವೇಗ ಕಮ್ಮಿ, ಅದರ ಜೊತೆಗೆ ಗುಂಡು ತಿರುಗುವುದೂ ಒಂಚೂರು ಕಮ್ಮಿ. ಆದರೆ ಸೆಕೆಂಡಿಗೆ 3,000 ಅಡಿ ಹೋಗುವ ಗುಂಡು ಏಳಿಂಚಿನ ಸುತ್ತಿನಿಂದ ಹೊರಟರೆ ಸೆಕೆಂಡಿಗೆ 5,100ಕ್ಕೂ ಹೆಚ್ಚು ಸಲ ಗಿರಗಿರ ತಿರುಗುತ್ತೆ. ಅದರಲ್ಲಿ ಸ್ವಲ್ಪ ಕಳೆದರೆ ಏನಾಗಬೇಕು?

ಇನ್ನೊಂದು ಪದ, ‘ಕೀಹೋಲಿಂಗ್’. ಸ್ಥಿರತೆ ತಪ್ಪಿದ ಗುಂಡು ಅಡ್ಡಡ್ಡ ಬಡಿದು, ಗುರಿಹಾಳೆಯಲ್ಲಿ ದುಂಡನೆ ತೂತಿನ ಬದಲು ಉದ್ದನೆ ಸೀಳು ಬಿಡುವುದು. ‘ಬೀಗದ ಕಣ್ಣು’ ಅಂತ ಬರೆದರೆ ಓದುಗರಿಗೆ ಏನೂ ತಿಳಿಯಲ್ಲ. ಸದ್ಯಕ್ಕೆ ‘ಅಡ್ಡಬಡಿತ’ ಹಾಕಿದ್ದೇನೆ. ಸೈನ್ಯದಲ್ಲಿ, ಎನ್‌ಸಿಸಿಯಲ್ಲಿ, ಶೂಟಿಂಗ್ ರೇಂಜಿನಲ್ಲಿ ಇದ್ದವರು ಇದಕ್ಕೆ ಏನಂತೀರಿ, ದಯವಿಟ್ಟು ತಿಳಿಸಿ.