ಅಪ್‌ಡೇಟ್: ಅಪ್ಪನ ವಿಲ್‌ನಲ್ಲಿ ನನ್ನ ಹೆಸರಿಲ್ಲದ ವಿಷಯ

ಅಪ್ಪ ಬ್ರಹ್ಮಾವರದ ಮನೆ, ತೆಂಗಿನ ತೋಟ ಎಲ್ಲವನ್ನೂ ಅಣ್ಣನ ಹೆಸರಿಗೆ ವಿಲ್ ಬರೆದಿದ್ದಾರೆ, ಪ್ರಶ್ನಿಸಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಉಡುಪಿಯಲ್ಲಿ ವಕೀಲರನ್ನು ಕಂಡೆ. ಅವರು ಮೊದಲು ಕೇಳಿದ್ದೇ ನಿಮ್ಮದು ಅಳಿಯಕಟ್ಟಾ (ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ), ಮಕ್ಕಳಕಟ್ಟಾ (ತಂದೆಯಿಂದ ಮಕ್ಕಳಿಗೆ ಬರುವ ಪದ್ಧತಿ) ಅಂತ. ನಮ್ಮದು ಮಕ್ಕಳಕಟ್ಟು. ತೋಟ ಅಜ್ಜನ ಕಾಲದಿಂದ ಪಾಲಾಗದೆ ಬಂದ ಕುಟುಂಬದ ಆಸ್ತಿ. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಮಗಳಾದ ನನಗೂ ಅದರಲ್ಲಿ ಹುಟ್ಟಿನಿಂದಲೇ ಪಾಲಿದೆ, ಅಪ್ಪ ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ.

ಮನೆ ಅಪ್ಪನ ಸ್ವಂತ ದುಡಿಮೆಯದ್ದು. ಅಲ್ಲಿ ವಿಲ್ ಅನ್ನೇ ಪ್ರಶ್ನಿಸಬೇಕು. ರಿಜಿಸ್ಟರ್ ಆಗಿದೆ ಅಂತ ಅಣ್ಣ ಹೇಳುತ್ತಲೇ ಇದ್ದಾನೆ, ಆದರೆ ರಿಜಿಸ್ಟರ್ ಆದ ಮಾತ್ರಕ್ಕೆ ಅದು ಸಾಬೀತಾದ ಹಾಗಲ್ಲ, ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದರೆ ಕೋರ್ಟಿಗೆ ಬಂದು ಹೇಳಬೇಕು, ಮತ್ತೆ ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಮಾಡಿಸಿದ್ದರೆ ಆ ಅನುಮಾನ ತೆಗೆಯುವ ಹೊಣೆಯೂ ಅವನದ್ದೇ. ಅಪ್ಪನಿಗೆ ಆಗ ಪಾರ್ಶ್ವವಾಯು ಆಗಿ ಮಾತೇ ಸರಿ ಬರುತ್ತಿರಲಿಲ್ಲ. ಅವರನ್ನು ಆ ಸ್ಥಿತಿಯಲ್ಲಿ ಕರೆದುಕೊಂಡು ಹೋದದ್ದು ನೆನೆದರೆ ಈಗಲೂ ಸಂಕಟ ಆಗುತ್ತದೆ. ಆಸ್ಪತ್ರೆ ದಾಖಲೆ ತೆಗೆಸಿದ್ದೇನೆ.

ಪಹಣಿ ಬದಲಾವಣೆಗೆ ತಕರಾರು ಕೊಟ್ಟಾಯಿತು. ಪಾಲಿನ ದಾವೆ ಮುಂದಿನ ವಾರ, ಅಮ್ಮನ ಪಾಲನ್ನೂ ಸೇರಿಸಿ ಹಾಕುತ್ತೇವೆ.