ಅಪ್ಪನ ಹೆಬ್ಬೆಟ್ಟು ಗೂಗಲ್‌ನಲ್ಲಿ ಸಿಗುತ್ತಿದೆ, ತೆಗೆಸುವುದು ಹೇಗೆ?

ದ್ರಾಕ್ಷಿತೋಟ:
ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಮೊನ್ನೆ ಸುಮ್ನೆ ಅಪ್ಪನ ಹೆಸರು, ಊರು ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಮೊದಲಿಗೇ ಒಂದು ಪಿಡಿಎಫ್ ಬಂತು. ಹನಿ ನೀರಾವರಿ ಸಬ್ಸಿಡಿಗೆ ಕೊಟ್ಟ ಅರ್ಜಿ. ಆಧಾರ್, ಪಾಸ್‌ಬುಕ್, ಹೊಲದ ಉತಾರ ಎಲ್ಲ ಅದರಲ್ಲೇ ಇವೆ. ಕೊನೆಯ ಪುಟದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು. ದೊಡ್ಡದು ಮಾಡಿದರೆ ಒಂದೊಂದು ಗೆರೆಯೂ ಕಾಣುತ್ತದೆ. ಚಾಟ್ನಿ (ಬಳ್ಳಿ ಸವರುವುದು) ಮಾಡುವಾಗ ಕತ್ತರಿ ತಾಗಿದ ಹಳೆ ಗಾಯ ಕೂಡ. ನೋಡಿ ಕೈ ನಡುಗಿತು.

ಅರ್ಜಿ ತುಂಬಿದ್ದು ವಿಜಯಪುರದ ಒಂದು ಪೈಪ್ ಅಂಗಡಿಯವರು. ಫೈಲ್ ಅವರ ವೆಬ್‌ಸೈಟಿನಲ್ಲೇ ಇದೆ. ಫೋನ್ ಮಾಡಿದರೆ, "ಅದರ ಲಿಂಕ್ ನಾವು ಯಾರಿಗೂ ಕೊಟ್ಟಿಲ್ಲ, ಯಾರ್ ನೋಡ್ತಾರ್ರೀ" ಅಂದರು. ನಾನೇ ನೋಡಿದೆನಲ್ಲ! ದಯವಿಟ್ಟು ದಾರಿ ಹೇಳಿ.

ಬಿಳಿಜೋಳ:
ತಂಗೀ, ವೆಬ್‌ಸೈಟಿನಲ್ಲಿ ಫೋಲ್ಡರಿನ ಪಟ್ಟಿ ಎಲ್ಲರಿಗೂ ತೆರೆದಿದ್ದರೆ ಸಾಕು, ಗೂಗಲ್ ಒಂದೊಂದೇ ಫೈಲ್ ಓದಿಕೊಂಡು ಹೋಗುತ್ತದೆ. ಸ್ಕ್ಯಾನ್ ಮಾಡಿದ ಕಾಗದದ ಅಕ್ಷರವನ್ನೂ ಬಿಡುವುದಿಲ್ಲ. ಗೂಗಲ್‌ಗೆ 'ಇದನ್ನು ಓದಬೇಡ' ಅಂತ ಹೇಳುವ ರೋಬೋಟ್ಸ್ ಫೈಲ್ ಹಾಕುತ್ತೇವೆ ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡ. ಅದು ಬಾಗಿಲಿಗೆ ಅಂಟಿಸಿದ ಚೀಟಿ ಇದ್ದಂತೆ, ಬೀಗ ಹಾಕಿದ ಹಾಗೆ ಆಗುವುದಿಲ್ಲ. ಸರ್ವರ್‌ನಿಂದ ಫೈಲನ್ನೇ ತೆಗೆಸು. ಆಮೇಲೆ ಗೂಗಲ್‌ನಲ್ಲಿ ಹಳೆಯ ಫಲಿತಾಂಶ ತೆಗೆಸುವ ಫಾರ್ಮ್ ಇದೆ, ಅದರಲ್ಲಿ ಲಿಂಕ್ ಹಾಕು. ಬಿಂಗ್‌ಗೆ ಬೇರೆ ಹಾಕಬೇಕು.

ಅವರು ತಡ ಮಾಡಿದರೆ, ಆಧಾರ್, ಬ್ಯಾಂಕ್ ನಂಬರ್ ಕಾಣುತ್ತಿದೆ ಅಂತ ಗೂಗಲ್‌ಗೆ ನೇರ ಕೇಳಿಕೊಳ್ಳಬಹುದು. ಆದರೆ ಹುಡುಕಿದಾಗ ಮಾತ್ರ ಕಾಣುವುದಿಲ್ಲ, ಲಿಂಕ್ ಇದ್ದವರಿಗೆ ಫೈಲ್ ತೆರೆಯುತ್ತಲೇ ಇರುತ್ತದೆ.

ಇಂಡಿ ಊರಿನ ಬ್ಯಾಂಕ್ ಮಿತ್ರ:
ಅಕ್ಕಾರ, ಅದೆಲ್ಲ ಆಮೇಲೆ. ಮೊದಲು ಅಪ್ಪಾಜಿಯವರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಈಗಲೇ. ನಾನು ದಿನಾ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವವನು. ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇದ್ದರೆ ಮುಗಿಯಿತು, ಒಟಿಪಿ ಕೇಳುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚು ನಕಲು ಮಾಡಿ ಜನರ ಖಾತೆ ಖಾಲಿ ಮಾಡಿದ್ದರು. ಲಾಕ್ ಆದ ಮೇಲೆ ಎಲ್ಲಾದರೂ ಹೆಬ್ಬೆಟ್ಟು ಒತ್ತಬೇಕಾದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ಲಾಕ್ ತೆಗೆಯಬಹುದು. ಹಣ ಹೋಗಿದ್ದು ಗೊತ್ತಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ದ್ರಾಕ್ಷಿತೋಟ:
ಲಾಕ್ ಆಯಿತು ಅಣ್ಣಾ. ಪಾಸ್‌ಬುಕ್ ಎಂಟ್ರಿ ಮಾಡಿಸಿದೆ, ಹಣ ಹೋಗಿಲ್ಲ. "ಪಾಸ್‌ವರ್ಡ್ ಆದರ ಬದಲಿ ಮಾಡಬಹುದು, ಹೆಬ್ಬೆಟ್ಟು ಹೆಂಗ ಬದಲಿ ಮಾಡ್ಲಿ" ಅಂತ ಅಪ್ಪ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ನಾಳೆ ಅಂಗಡಿಗೇ ಹೋಗಿ, ಎದುರು ಕೂತು ಫೈಲ್ ತೆಗೆಸುತ್ತೇನೆ. ಮತ್ತೆ ಹುಡುಕಿದಾಗ ನಮ್ಮ ಓಣಿಯವರದೇ ಇನ್ನೂ 4 ಅರ್ಜಿ ಕಂಡವು. ಅವರ ಮನೆಗಳಿಗೆ ಈಗ ಹೊರಟಿದ್ದೇನೆ.