ಪೂಲ್ ನೀರು ಹಸಿರಾಗಿದೆ, ಕ್ಲೋರಿನ್ ನಿಲ್ಲುತ್ತಿಲ್ಲ

ಪ್ರಶ್ನೆ: ಮನೆಯ ಪೂಲ್ 50,000 ಲೀಟರಿನದು, ಬೋರ್‌ವೆಲ್ ನೀರು. ಗೋಡೆಯೆಲ್ಲ ಪಾಚಿ. ಬೆಳಿಗ್ಗೆ ಕ್ಲೋರಿನ್ ಹಾಕಿದರೆ ಸಂಜೆಗೆ ಸೊನ್ನೆ. ನೀರು ಖಾಲಿ ಮಾಡಬೇಕಾ?

ಉತ್ತರ 1: ಬೇಡ ಸರ್. ಬೆಳಿಗ್ಗೆ ಹಾಕಿದ್ದನ್ನು ಬಿಸಿಲೇ ತಿಂದುಹಾಕುತ್ತೆ. ಮೊದಲು ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 7.2ರಿಂದ 7.6ರೊಳಗೆ ತನ್ನಿ, 8 ದಾಟಿದರೆ ಕ್ಲೋರಿನ್‌ಗೆ ಬಲವಿಲ್ಲ. ಗೋಡೆ, ಮೆಟ್ಟಿಲ ಸಂದಿ, ಏಣಿಯ ಹಿಂಭಾಗ ಬ್ರಷ್‌ನಲ್ಲಿ ಉಜ್ಜಿ. ಪಾಚಿಯ ಮೇಲ್ಪದರ ಒಡೆಯದಿದ್ದರೆ ಔಷಧ ಒಳಗಿಳಿಯಲ್ಲ. ಕತ್ತಲಾದ ಮೇಲೆ 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಪುಡಿ) ಸುಮಾರು 770 ಗ್ರಾಂ ಹಾಕಿದರೆ ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಬರುತ್ತೆ. ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯಲೇಬೇಡಿ. ರಾತ್ರಿಯಿಡೀ ಪಂಪ್ ಓಡಲಿ.

ಉತ್ತರ 2: ಸತ್ತ ಪಾಚಿ ಮರಳಿನ ಫಿಲ್ಟರ್‌ನಲ್ಲಿ ಕೂರುತ್ತೆ. ಫಿಲ್ಟರ್‌ನ ಒತ್ತಡದ ಗೇಜ್ ಎಂದಿಗಿಂತ 8–10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿ, ವಾಲ್ವ್‌ನ ನೋಟದ ಗಾಜಿನಲ್ಲಿ ನೀರು ತಿಳಿಯಾಗುವವರೆಗೆ. ನಂತರ ಒಂದು ನಿಮಿಷ ರಿನ್ಸ್. ವಾಲ್ವ್‌ನ ಹಿಡಿಕೆ ತಿರುಗಿಸುವ ಮೊದಲು ಪಂಪ್ ಆಫ್ ಇರಲೇಬೇಕು, ಇಲ್ಲದಿದ್ದರೆ ವಾಲ್ವ್ ಗ್ಯಾಸ್ಕೆಟ್ ಹೋಗುತ್ತೆ.

ಉತ್ತರ 3: ಕ್ಲೋರಿನ್ ಬಿದ್ದೊಡನೆ ನೀರು ಕಂದಾದರೆ ಅದು ಬೋರ್‌ವೆಲ್‌ನ ಕಬ್ಬಿಣ, ಪಾಚಿಯಲ್ಲ. ಟಿಸಿಸಿಎ (ಇನ್ನೊಂದು ಬಗೆಯ ಕ್ಲೋರಿನ್) ಮಾತ್ರೆ ಹಾಕಿದ ಬಕೆಟ್‌ನಲ್ಲಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಕಲಸಬೇಡಿ, ಬೆಂಕಿ ಹತ್ತುತ್ತೆ. ಕ್ಲೋರಿನ್ 3 ಪಿಪಿಎಂಗೆ ಇಳಿದು, ತಳದ ಜಾಲರಿ ಸ್ಪಷ್ಟವಾಗಿ ಕಂಡ ಮೇಲೆ ಮಕ್ಕಳನ್ನು ಇಳಿಸಿ.